ಮುನ್ನೂರ ಹನ್ನೊಂದು ಬೆನ್ನುಗಳು

ನಾನು ಖಾಯಂ ಆಗಲು ಇನ್ನು ಒಂಬತ್ತು ದಿನ ಉಳಿದಿದ್ದವು. ಈ ಮಾತನ್ನು ನಾನು ಯಾರ ಮುಂದೆಯೂ ಆಡುತ್ತಿರಲಿಲ್ಲ, ಆದರೆ ಮನೆಯಲ್ಲಿ ಅಮ್ಮ ಕ್ಯಾಲೆಂಡರಿನ ಮೇಲೆ ದಿನಕ್ಕೊಂದು ಗೀಟು ಎಳೆಯುತ್ತಿದ್ದಳು. ಆರು ತಿಂಗಳ ಪ್ರೊಬೇಷನ್ ಮುಗಿದ ದಿನ ಗ್ರಂಥಾಲಯದ ಸಾಹೇಬರು ಒಂದು ಕಾಗದಕ್ಕೆ ಸಹಿ ಹಾಕಿದರೆ ನಾನು ಮುದುಕಿಯಾಗುವವರೆಗೂ ಪುಸ್ತಕಗಳ ಜೊತೆ ಇರಬಹುದು. ಹಾಕದಿದ್ದರೆ ಅಣ್ಣನ ಅಂಗಡಿಯಲ್ಲಿ ಪ್ಲಾಸ್ಟಿಕ್ ಬಕೆಟ್ಟುಗಳ ಜೊತೆ. ಬಕೆಟ್ಟುಗಳ ಮೇಲೆ ನನಗೆ ಸಿಟ್ಟೇನಿಲ್ಲ. ಅವು ಸುಲಭಕ್ಕೆ ಹಾಳಾಗುವುದಿಲ್ಲ, ಅದೇ ತೊಂದರೆ. ನಾನು ಕಲಿತದ್ದೆಲ್ಲ ಹಾಳಾಗುವ ವಸ್ತುಗಳನ್ನು ಕಾಯುವ ಕೆಲಸ.

ಕಾಲೇಜು ಮುಗಿದ ಮೇಲೆ ಒಂದು ವರ್ಷ ಹಳೆಯ ಪುಸ್ತಕಗಳ ಸಂರಕ್ಷಣೆ ಕಲಿತಿದ್ದೆ. ಮೆತ್ತನೆಯ ಬ್ರಷ್ಷಿನಿಂದ ಪುಟ ಗುಡಿಸುವುದು, ಹರಿದ ಅಂಚಿಗೆ ತೆಳುಕಾಗದ ಅಂಟಿಸುವುದು, ಬಿಚ್ಚಿಹೋದ ಹೊಲಿಗೆಯನ್ನು ಮೇಣ ಹಚ್ಚಿದ ದಾರದಿಂದ ಮತ್ತೆ ಹಾಕುವುದು. ಕೆಲಸದ ಮೊದಲ ದಿನ ನನ್ನ ಸಾಮಾನೆಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿ ಜೋಡಿಸಿಕೊಂಡು ಹೋಗಿದ್ದೆ. ಸಾಹೇಬರು ಅದನ್ನು ತೆರೆದು, ಬಾಗಿದ ಸೂಜಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

"ಇದೇನಮ್ಮ, ಆಪರೇಷನ್ ಮಾಡೋಕೆ ಬಂದಿದ್ದೀಯಾ?"

ಆಮೇಲೆ ತಮ್ಮ ಮೇಜಿನ ಖಾನೆಯಿಂದ ಒಂದು ಸುರುಳಿ ಅಂಟುಪಟ್ಟಿ ತೆಗೆದು ಕೊಟ್ಟರು. "ಇಲ್ಲಿ ಎಲ್ಲಾ ಕಾಯಿಲೆಗೂ ಇದೊಂದೇ ಮದ್ದು. ಹರಿದಿದೆಯಾ, ಅಂಟಿಸು. ಹರಿಯೋ ಹಾಗಿದೆಯಾ, ಮೊದಲೇ ಅಂಟಿಸು."

ಆ ಪಟ್ಟಿ ಐದು ವರ್ಷಕ್ಕೆ ಹಳದಿಯಾಗಿ ಕಾಗದವನ್ನೂ ಜೊತೆಗೆ ಕಿತ್ತುಕೊಂಡು ಬರುತ್ತದೆ. ಅದು ನನಗೆ ಗೊತ್ತಿತ್ತು. "ಹೂಂ ಸಾರ್" ಅಂದೆ.

ಮಾತಿಗೆ ಮೊದಲು ಸಾಹೇಬರು ಅಂಗಿಯ ತೋಳನ್ನು ಮೇಲಕ್ಕೆ ತಳ್ಳುತ್ತಿದ್ದರು. ಮಾತು ಮುಗಿಯುವಷ್ಟರಲ್ಲಿ ಅದು ಮತ್ತೆ ಜಾರಿ ಹೆಬ್ಬೆರಳಿನ ಬುಡ ಮುಚ್ಚುತ್ತಿತ್ತು. ಅವರೊಬ್ಬರೇ ಅಲ್ಲ. ಅಂಚೆ ಕಚೇರಿಯ ಗುಮಾಸ್ತ, ಔಷಧಿ ಅಂಗಡಿಯವನು, ನಮ್ಮ ಅಟೆಂಡರ್ ಅಕ್ಕನ ಗಂಡ, ಎಲ್ಲರೂ ಹೀಗೇ. ನಾನು ಹೊರಗಿನವಳು, ಬೇರೆ ಊರಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಈ ಊರಿನವರು ಬಾಯಿ ತೆರೆಯುವ ಮೊದಲು ತೋಳೇರಿಸುತ್ತಾರಲ್ಲ, ಮಹಾ ಜಗಳಗಂಟರಿರಬೇಕು ಎಂದು ಮೊದಲ ವಾರವೆಲ್ಲ ಹೆದರಿಕೊಂಡಿದ್ದೆ. ಯಾರೂ ಜಗಳವಾಡಲಿಲ್ಲ. ತೋಳು ಉದ್ದ, ಅಷ್ಟೇ.

ಗ್ರಂಥಾಲಯದ ಹೆಮ್ಮೆ ಇದ್ದದ್ದು ಮೊದಲ ಮಹಡಿಯ ಕೊನೆಯ ಕೋಣೆಯಲ್ಲಿ. ಬಾಗಿಲ ಮೇಲೆ 'ಸಂರಕ್ಷಣಾ ಕೊಠಡಿ' ಎಂಬ ಫಲಕ. ಒಳಗೆ ಗೋಡೆಯಿಂದ ಗೋಡೆಗೆ ಒಂದೇ ಗಾಜಿನ ಬೀರು, ಅದರಲ್ಲಿ ಅಪರೂಪದ ಮುನ್ನೂರ ಹನ್ನೊಂದು ಪುಸ್ತಕಗಳು, ಚಿನ್ನದ ಅಕ್ಷರದ ಬೆನ್ನುಗಳನ್ನು ನಮಗೆ ತೋರಿಸಿಕೊಂಡು ನಿಂತಿದ್ದವು. ಮೂರನೆಯ ಹಲಗೆಯಲ್ಲಿ ಒಂದು ಪುಸ್ತಕದಷ್ಟು ಸಂದಿ. ಸಾಹೇಬರು ಆ ಸಂದಿಯನ್ನು ನೋಡಿದಾಗಲೆಲ್ಲ ತಮ್ಮದೇ ಹಲ್ಲು ಬಿದ್ದವರಂತೆ ಮುಖ ಮಾಡುತ್ತಿದ್ದರು.

ಹತ್ತೊಂಬತ್ತು ವರ್ಷದ ಹಿಂದೆ, ಸಾಹೇಬರು ಇಲ್ಲಿಗೆ ಬಂದ ತಿಂಗಳಲ್ಲೇ, ಒಬ್ಬ ಓದುಗ ಹಳೆಯ ಪುಸ್ತಕವೊಂದರ ಮೇಲೆ ಚಹಾದ ಲೋಟ ಇಟ್ಟನಂತೆ. ಅವತ್ತೇ ಸಾಹೇಬರು ಬೀರುವಿಗೆ ಬೀಗ ಜಡಿದು, ಕೀಲಿಯನ್ನು ಲಕೋಟೆಯೊಳಗೆ ಹಾಕಿ, ಅರಗಿನ ಮೊಹರು ಒತ್ತಿ, ಲಕೋಟೆಯನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟರು. ಬೀರು ತೆರೆಸಬೇಕೆಂದರೆ ಓದುಗ ಅರ್ಜಿ ಕೊಡಬೇಕು, ಅರ್ಜಿಗೆ ಮೂವರು ಅಧಿಕಾರಿಗಳ ಸಹಿ ಬೇಕು. ಆ ಮೂರರಲ್ಲಿ ಒಂದು ಹುದ್ದೆಯನ್ನು ತೆಗೆದುಹಾಕಿಯೇ ಹದಿನೇಳು ವರ್ಷವಾಗಿತ್ತು. ಹಾಗಾಗಿ ಅರ್ಜಿಗಳೆಲ್ಲ ಎರಡು ಸಹಿ ಪಡೆದು, ಮೂರನೆಯದಕ್ಕಾಗಿ ಒಂದು ಕಡತದಲ್ಲಿ ಕಾಯುತ್ತಿದ್ದವು. ಆ ಕಡತಕ್ಕೂ ಅಂಟುಪಟ್ಟಿ ಹಾಕಿಯಾಗಿತ್ತು.

"ಹತ್ತೊಂಬತ್ತು ವರ್ಷದಲ್ಲಿ ಒಂದು ಪುಟ ಹರಿದಿಲ್ಲ," ಎನ್ನುತ್ತಿದ್ದರು ಸಾಹೇಬರು. "ಒಂದು ಕಲೆ ಇಲ್ಲ, ಒಂದು ಗೀಚಿಲ್ಲ. ಇದಕ್ಕೆ ಹೇಳ್ತಾರೆ ಸಂರಕ್ಷಣೆ ಅಂತ."

ವರ್ಷಕ್ಕೊಮ್ಮೆ ಲೆಕ್ಕ ತಾಳೆ ನೋಡುವುದಕ್ಕೂ ಬೀರು ತೆರೆಯುತ್ತಿರಲಿಲ್ಲ. ಸಾಹೇಬರು ಗಾಜಿನ ಹೊರಗಿನಿಂದ ಟಾರ್ಚು ಹಿಡಿದು ಬೆನ್ನುಗಳನ್ನು ಎಣಿಸುತ್ತಿದ್ದರು, ಅಟೆಂಡರ್ ಅಕ್ಕ ಕುರ್ಚಿ ಅಲ್ಲಾಡದಂತೆ ಹಿಡಿದುಕೊಳ್ಳುತ್ತಿದ್ದಳು. ಪ್ರತಿ ವರ್ಷ ಮುನ್ನೂರ ಹನ್ನೊಂದು. ಇದಕ್ಕೆ ಇಲ್ಲಿ ಬೆನ್ನೆಣಿಕೆ ಎನ್ನುತ್ತಿದ್ದರು.

ನನಗೆ ಚಿಕ್ಕಂದಿನಿಂದಲೂ ನೆಲ ನೋಡಿಕೊಂಡು ನಡೆಯುವ ಅಭ್ಯಾಸ. ಮೂರನೆಯ ತಿಂಗಳಲ್ಲೇ ಬೀರುವಿನ ಬುಡದಲ್ಲಿ ತೆಳ್ಳಗಿನ ಪುಡಿ ಕಂಡಿತು. ಮಾಸಲು ಬಣ್ಣದ ಪುಡಿ, ಬಿಳಿಯೂ ಅಲ್ಲ, ಕಂದೂ ಅಲ್ಲ.

"ಅಕ್ಕ, ಇದು ಯಾವಾಗಿಂದ ಬೀಳ್ತಿದೆ?"

"ಯಾವಾಗಿಂದ ಅಂದ್ರೆ?" ಅಟೆಂಡರ್ ಅಕ್ಕ ಪೊರಕೆಯ ಮೇಲೆ ಗಲ್ಲ ಊರಿ ಯೋಚಿಸಿದಳು. "ನಾನು ಕೆಲಸಕ್ಕೆ ಸೇರಿದಾಗಿಂದ ಗುಡಿಸ್ತಿದ್ದೀನಿ ಮೇಡಂ. ಮೊದಲು ವಾರಕ್ಕೆ ಒಂದು ಚಮಚ ಬರ್ತಿತ್ತು. ಈಗ ಒಂದು ಮೊರ."

ನಾನು ಬೀರುವಿನ ಕೆಳಗೆ ಒಂದು ಬಿಳಿ ಕಾಗದ ಹಾಸಿಟ್ಟು ಮಾರನೆಯ ಬೆಳಿಗ್ಗೆ ನೋಡಿದೆ. ಭೂತಗನ್ನಡಿಯಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ಅದು ಪುಸ್ತಕವನ್ನು ಕೊರೆಯುವ ಹುಳ ಹೊರಗೆ ತಳ್ಳಿದ ಕಾಗದದ ಪುಡಿ. ಕಾಗದವನ್ನು ಮಡಚಿ, ಒಂದು ಟಿಪ್ಪಣಿ ಬರೆದು, ಟಿಪ್ಪಣಿಯನ್ನು ನಾಲ್ಕು ಸಲ ತಿದ್ದಿ, ಸಾಹೇಬರ ಮುಂದಿಟ್ಟೆ. 'ಬೀರುವಿನಲ್ಲಿ ಕೀಟದ ಚಟುವಟಿಕೆಯ ಸಾಧ್ಯತೆಯನ್ನು ಅಲ್ಲಗಳೆಯಲಾಗದು' ಎಂದು ಬರೆದಿದ್ದೆ. ಇಷ್ಟು ಹೆದರಿಕೊಂಡು ಬರೆದ ವಾಕ್ಯವನ್ನು ನಾನು ಇನ್ನೆಲ್ಲೂ ಓದಿಲ್ಲ.

ಸಾಹೇಬರು ತೋಳು ಏರಿಸಿದರು. "ಧೂಳು ಕಣಮ್ಮ."

"ಸಾರ್, ಭೂತಗನ್ನಡಿಯಲ್ಲಿ..."

"ಭೂತಗನ್ನಡಿಯಲ್ಲಿ ನೋಡಿದ್ರೆ ನನ್ನ ಮೂಗೂ ಬೆಟ್ಟದ ಹಾಗೆ ಕಾಣುತ್ತೆ. ನೋಡು, ನೀನು ಇದನ್ನ ಬರೆದು ಕೊಟ್ರೆ ಕಡತ ಆಗುತ್ತೆ. ಕಡತ ಆದ್ರೆ ಮೇಲಿಂದ ಪ್ರಶ್ನೆ ಬರುತ್ತೆ. ಪ್ರಶ್ನೆ ಬಂದ್ರೆ ಉತ್ತರ ಬರೀಬೇಕು. ಹುಳ ತಿನ್ನೋದು ಪುಸ್ತಕಾನ. ಕಡತ ತಿನ್ನೋದು ಮನುಷ್ಯರನ್ನ." ಟಿಪ್ಪಣಿಯನ್ನು ಹಿಂದಕ್ಕೆ ಕೊಟ್ಟರು. "ಖಾಯಂ ಆಗೋಕೆ ಇನ್ನೂ ಎಷ್ಟು ದಿನ ಇದೆ ನಿಂಗೆ?"

ಅಂದು ಸಂಜೆ ಮನೆಯಲ್ಲಿ ಹುಳದ ವಿಷಯ ಹೇಳಿದೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ನಿಂಗ್ಯಾಕೆ ಹುಳದ ಉಸಾಬರಿ? ಮೊದಲು ಖಾಯಂ ಆಗು. ಆಮೇಲೆ ಎಷ್ಟು ಬೇಕಾದ್ರೂ ಮಾತಾಡು."

"ಖಾಯಂ ಆದ್ಮೇಲೆ ಯಾರು ಮಾತಾಡ್ತಾರೆ ಅತ್ತೆ?" ಎಂದರು ಅತ್ತಿಗೆ, ಮಗುವಿನ ಅಂಗಿಗೆ ಗುಂಡಿ ಹಚ್ಚುತ್ತಾ. "ನಿಮ್ಮ ಮಗನ್ನೇ ನೋಡಿ. ಮದುವೆಗೆ ಮುಂಚೆ ಎಷ್ಟು ಮಾತಾಡ್ತಿದ್ರು."

ನಾನು ಟಿಪ್ಪಣಿಯನ್ನು ತಗಡಿನ ಪೆಟ್ಟಿಗೆಯ ತಳದಲ್ಲಿಟ್ಟೆ. ಮೂರು ತಿಂಗಳು ದಿನಾ ಬಿಳಿ ಕಾಗದ ಹಾಸುತ್ತಿದ್ದೆ, ದಿನಾ ಬೆಳಿಗ್ಗೆ ನೋಡುತ್ತಿದ್ದೆ, ದಿನಾ ಸುಮ್ಮನಿರುತ್ತಿದ್ದೆ.

ಹೀಗಿರುವಾಗ, ಒಂಬತ್ತು ದಿನ ಉಳಿದಿತ್ತು ಎಂದೆನಲ್ಲ, ಅವತ್ತು ಸಾಹೇಬರು ನನ್ನನ್ನು ಕರೆದರು. ಮುಖ ಬೆಳಗುತ್ತಿತ್ತು. ಅತ್ಯುತ್ತಮ ಸಂರಕ್ಷಿತ ಸಂಗ್ರಹ ಎಂಬ ಪ್ರಶಸ್ತಿಗೆ ನಮ್ಮ ಬೀರುವಿನ ಹೆಸರು ಹೋಗಿದೆ, ಕೇಂದ್ರ ಕಚೇರಿಯಿಂದ ತಪಾಸಣೆಯವರು ಬರುತ್ತಾರೆ. ಬರುವ ದಿನ ನನ್ನ ಪ್ರೊಬೇಷನ್ ಮುಗಿಯುವ ದಿನವೇ.

"ಎಲ್ಲಾ ಸರಿ ಇದೆ, ಆ ಒಂದು ಸಂದಿ ಬಿಟ್ಟು," ಎಂದರು. "ಆ ಪುಸ್ತಕ ತಂದು ಕೊಡು. ಅವತ್ತೇ ನಿನ್ನ ಕಾಗದಕ್ಕೆ ಸಹಿ ಹಾಕ್ತೀನಿ. ತರಲಿಲ್ಲ ಅಂದ್ರೆ, ನೋಡಮ್ಮ, ನಿನ್ನ ಕೈಲಿ ಕೆಲಸ ಆಗಲ್ಲ ಅಂತ ನಾನೇನು ಬರೆಯೋಲ್ಲ. ಸುಮ್ಮನಿದ್ದುಬಿಡ್ತೀನಿ."

ಅವರು ಸುಮ್ಮನಿದ್ದರೂ ನಾನು ಬಕೆಟ್ಟಿನ ಅಂಗಡಿಗೇ.

ಆ ಪುಸ್ತಕ ಬಟ್ಟೆ ಕತ್ತರಿಸುವ ಕಲೆಯ ಮೇಲೆ ಎರಡು ಸಂಪುಟದಲ್ಲಿ ಬಂದ ಹಳೆಯ ಗ್ರಂಥದ ಎರಡನೆಯ ಸಂಪುಟ. ಒಯ್ದವರ ಹೆಸರು ಗ್ರಂಥಾಲಯದ ಮುಂಬಾಗಿಲ ಪಕ್ಕದ ಫಲಕದ ಮೇಲೆ 'ಪುಸ್ತಕ ಹಿಂತಿರುಗಿಸದವರು' ಎಂಬ ತಲೆಬರಹದ ಕೆಳಗೆ ಹತ್ತೊಂಬತ್ತು ವರ್ಷದಿಂದ ಒಂಟಿಯಾಗಿ ನಿಂತಿತ್ತು. ಊರಿಗೆಲ್ಲ ಅವರು ಟೈಲರಮ್ಮ. ಈ ಊರಿನ ಹೊಲಿಗೆಯವರೆಲ್ಲ ಅವರ ಹತ್ತಿರವೇ ಕಲಿತವರು. "ದೊಡ್ಡ ಕಳ್ಳಿ," ಎಂದು ಸಾಹೇಬರು ಹೇಳಿದರು. ಆದರೆ ಅಂಗಿ ಮಾತ್ರ ಅವರಲ್ಲೇ ಹೊಲಿಸುತ್ತಿದ್ದರು.

ಟೈಲರಮ್ಮನ ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಕೆಳಗೆ ಕತ್ತರಿಸುವ ಮೇಜು, ಮೇಜಿನ ಮೇಲೆ ಸೀಮೆಸುಣ್ಣ, ಟೇಪು, ಮತ್ತು ತೆರೆದಿಟ್ಟ ಪುಸ್ತಕ. ನಾನು ಗ್ರಂಥಾಲಯದವಳು ಎಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ಒಂದು ಸಲ ಅಳೆದರು.

"ಬಾಮ್ಮ. ಕೊನೆಗೂ ತಗೊಳ್ಳೋಕೆ ಬಂದ್ರಾ?"

ಪುಸ್ತಕವನ್ನು ನಾನು ಕೈಗೆತ್ತಿಕೊಂಡೆ. ಪುಟಗಳು ಮೆತ್ತಗಿದ್ದರೂ ಗಟ್ಟಿಯಾಗಿದ್ದವು, ಸಲೀಸಾಗಿ ತಿರುಗಿದವು. ಅಂಚು ಸವೆದಿತ್ತು, ಅಲ್ಲಲ್ಲಿ ಸುಣ್ಣದ ಬೆರಳಚ್ಚು, ಒಂದು ಕಡೆ ಎಣ್ಣೆಯ ಚುಕ್ಕೆ. ಒಂದೇ ಒಂದು ತೂತಿರಲಿಲ್ಲ. ಬೆನ್ನಿನ ಹೊಲಿಗೆ ಹೊಸದು, ಮೇಣದ ದಾರ, ಪ್ರತಿ ಗಂಟೂ ಒಳಮುಖ. ನನ್ನ ಪರೀಕ್ಷೆಯಲ್ಲಿ ನಾನು ಹಾಕಿದ್ದು ಇದರ ಅರ್ಧದಷ್ಟೂ ಚೆನ್ನಾಗಿರಲಿಲ್ಲ.

"ಇದನ್ನ ಯಾರು ಹೊಲಿದರು?"

"ಇನ್ಯಾರು, ನಾನೇ. ನನ್ನ ಕೆಲಸವೇ ಹೊಲಿಯೋದಲ್ವಾ?"

"ಹುಳ ಬರಲಿಲ್ವಾ ಅಮ್ಮ?"

"ದಿನಾ ಹತ್ತು ಸಲ ತೆಗೀತೀನಿ, ಕೊಡವ್ತೀನಿ, ಗಾಳಿಗೆ ಬಿಡ್ತೀನಿ. ಆ ಹುಳ ನೆಮ್ಮದಿಯಾಗಿ ಸಂಸಾರ ಮಾಡೋದು ಯಾವಾಗ?"

ಒಂದು ವರ್ಷದ ಪಾಠದಲ್ಲಿ ನಾನು ಬರೆದುಕೊಂಡ ಎರಡು ನೋಟುಪುಸ್ತಕಗಳ ಸಾರ ಅದು. ನಾನು ಧೈರ್ಯ ಮಾಡಿ ಕೇಳಿದೆ. "ಹತ್ತೊಂಬತ್ತು ವರ್ಷ ಯಾಕೆ ವಾಪಸ್ ಕೊಡಲಿಲ್ಲ?"

ಅವರು ಗುಂಡಿಗಳ ಡಬ್ಬಿಯ ಮುಚ್ಚಳ ತೆಗೆದು, ತಳದಿಂದ ಮೂರು ಚೀಟಿ ಎತ್ತಿ ಮೇಜಿನ ಮೇಲೆ ಸಾಲಾಗಿ ಇಟ್ಟರು. ಮೂರರಲ್ಲೂ ಒಂದೇ ಒಕ್ಕಣೆ. 'ಪುಸ್ತಕ ವಾಪಸ್ ತಂದಿದ್ದಾರೆ. ಬೀರು ಮೊಹರಾಗಿರುವುದರಿಂದ ಇಡಲು ಸ್ಥಳವಿಲ್ಲ. ಮೊಹರು ತೆಗೆದ ನಂತರ ಬರುವುದು.' ಕೆಳಗೆ ನಮ್ಮ ಸಾಹೇಬರ ಸಹಿ. ಮೊದಲ ಚೀಟಿಯ ತಾರೀಖು ಮೊಹರು ಒತ್ತಿದ ಮಾರನೆಯ ದಿನದ್ದು.

"ಮೂರು ಸಲ ಹೋದೆ. ಮೂರು ಸಲವೂ ಚೀಟಿ ಕೊಟ್ಟು ಕಳಿಸಿದ್ರು. ನಾಲ್ಕನೇ ಸಲ ಹೋದಾಗ ಫಲಕದ ಮೇಲೆ ನನ್ನ ಹೆಸರಿತ್ತು. ನಂಗೂ ರೋಷ ಬಂತು, ವಾಪಸ್ ಬಂದುಬಿಟ್ಟೆ." ಟೈಲರಮ್ಮ ಚೀಟಿಗಳನ್ನು ಮತ್ತೆ ಡಬ್ಬಿಗೆ ಹಾಕಿದರು. "ಪುಸ್ತಕ ಕೊಡ್ತೀನಮ್ಮ. ಆದ್ರೆ ನಾನೇ ತಂದು ಕೊಡ್ತೀನಿ, ಮತ್ತೆ ಮೊದಲನೇ ಸಂಪುಟ ಒಂದು ಸಲ ನೋಡ್ಬೇಕು. ಆಗ ಒಂದು ಕಾರ್ಡಿಗೆ ಒಂದೇ ಪುಸ್ತಕ. ಅಳತೆ ತೆಗೆಯೋದು ನಂಗೆ ಬರುತ್ತೆ ಅನ್ನೋ ಜಂಬದಲ್ಲಿ ಮೊದಲನೇದು ಬಿಟ್ಟು ಎರಡನೇದು ತಗೊಂಡೆ. ಇದರಲ್ಲಿ ನೋಡು, ತೋಳಿನ ಪಾಠ ಬಂದಾಗ ಏನು ಬರೆದಿದ್ದಾನೆ."

ಅವರ ಬೆರಳಿದ್ದ ಸಾಲನ್ನು ನಾನು ಓದಿದೆ. 'ಭುಜದ ಇಳಿಜಾರಿಗಾಗಿ ತೋಳಿನ ಉದ್ದದಲ್ಲಿ ಕಳೆಯಬೇಕಾದ ಅಳತೆಗೆ ಮೊದಲ ಸಂಪುಟದ ಒಂಬತ್ತನೆಯ ಕೋಷ್ಟಕ ನೋಡಿ.'

"ಎಷ್ಟು ಕಳೀಬೇಕೋ ಗೊತ್ತಾಗಲಿಲ್ಲ. ಕಡಿಮೆ ಆದ್ರೆ ಜನ ಬೈತಾರೆ, ಉದ್ದ ಆದ್ರೆ ಮಡಚ್ಕೋತಾರೆ. ಅದಕ್ಕೆ ಕಳೀಲೇ ಇಲ್ಲ. ನನ್ನ ಹತ್ರ ಕಲಿತವರೂ ಕಳೀಲಿಲ್ಲ."

ಇಡೀ ಊರು ತೋಳೇರಿಸುವುದರ ಗುಟ್ಟು ನನಗೆ ಆ ಮೇಜಿನ ಮುಂದೆ ತಿಳಿಯಿತು.

ಮಾರನೆಯ ದಿನ ಚೀಟಿಗಳ ವಿಷಯವನ್ನು ಸಾಹೇಬರಿಗೆ ಮೆಲ್ಲಗೆ ಹೇಳಿದೆ. ಅವರಿಗೆ ನಾಚಿಕೆಯೇನೂ ಆಗಲಿಲ್ಲ. "ಆ ಸಹಿ ನಂದೇ. ಆಗ ಅದು ಸರಿಯಾಗೇ ಇತ್ತು. ಫಲಕವೂ ಸರಿಯಾಗೇ ಇತ್ತು. ಪುಸ್ತಕ ಬರುತ್ತೆ ತಾನೆ?"

ತಪಾಸಣೆಯ ದಿನ ನನ್ನ ಖಾಯಮಾತಿಯ ಕಾಗದ ಟೈಪಾಗಿ ಸಾಹೇಬರ ಮೇಜಿನ ಮೇಲೆ ಗಾಜಿನ ಗುಂಡಿನ ಕೆಳಗೆ ಕೂತಿತ್ತು. ತಪಾಸಣೆಯವರು ಬಂದರು. ಅವರ ಅಂಗಿಯ ತೋಳು ಸರಿಯಾಗಿ ಮಣಿಕಟ್ಟಿಗೇ ನಿಂತಿತ್ತು, ಹೊರಗಿನವರು. ಟೈಲರಮ್ಮ ಒಗೆದ ಸೀರೆಯುಟ್ಟು ಪುಸ್ತಕವನ್ನು ಎದೆಗವಚಿಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದರು. ಅವರ ತಲೆಯ ಮೇಲೆಯೇ ಫಲಕ, ಫಲಕದಲ್ಲಿ ಅವರ ಹೆಸರು.

ಟೈಲರಮ್ಮ ಪುಸ್ತಕವನ್ನು ನನ್ನ ಕೈಗಿಟ್ಟರು, ನಾನು ರಸೀದಿ ಬರೆದುಕೊಟ್ಟೆ. ಎಲ್ಲರೂ ಸಂರಕ್ಷಣಾ ಕೊಠಡಿಗೆ ನಡೆದೆವು. ಆಗ ಗೊತ್ತಾಯಿತು, ಸಾಹೇಬರು ಒಂದು ವಿಷಯ ಯೋಚಿಸಿಯೇ ಇರಲಿಲ್ಲ. ಪುಸ್ತಕ ಬಂತು, ಸಂದಿ ಗಾಜಿನ ಆ ಕಡೆ ಇತ್ತು.

"ಇಡಿ, ಒಂದು ಫೋಟೋ ತೆಗೆದುಬಿಡೋಣ," ಎಂದರು ತಪಾಸಣೆಯವರು.

"ಮೊಹರಿದೆ ಸಾರ್. ಮೂರು ಸಹಿ ಬೇಕು."

"ನಾನೇ ಹೇಳ್ತಿದ್ದೀನಲ್ರೀ, ತೆಗೀರಿ."

ಸಾಹೇಬರು ಕಬ್ಬಿಣದ ಪೆಟ್ಟಿಗೆಯಿಂದ ಲಕೋಟೆ ತಂದು ಅರಗು ಒಡೆದರು. ಬೀಗ ಮೂರನೆಯ ಪ್ರಯತ್ನಕ್ಕೆ ಬಿಟ್ಟುಕೊಂಡಿತು. ಬಾಗಿಲು ತೆರೆದ ಕೂಡಲೆ ಅಟೆಂಡರ್ ಅಕ್ಕ ಸೀನಿದಳು. ಸಂದಿಯ ಪಕ್ಕದಲ್ಲೇ ಇದ್ದ ಮೊದಲ ಸಂಪುಟವನ್ನು ಸಾಹೇಬರು ಸ್ವಲ್ಪ ಸರಿಸಲು ಹೋದರು. ಚಿನ್ನದ ಅಕ್ಷರದ ಬೆನ್ನು ಅವರ ಕೈಗೆ ಬಂತು. ಪುಸ್ತಕದ ಬಹುಪಾಲು ಪುಡಿಯಾಗಿ ಅವರ ಚಪ್ಪಲಿಯ ಮೇಲೆ ಸುರಿಯಿತು.

ತಪಾಸಣೆಯವರು ಇನ್ನೊಂದು ಪುಸ್ತಕ ಮುಟ್ಟಿ, ಹಗುರವಾಗಿ ಅಲ್ಲಾಡಿದ್ದನ್ನು ನೋಡಿ, ಕೈ ಹಿಂದಕ್ಕೆ ತೆಗೆದರು. ಸಾಹೇಬರು ಬೆನ್ನನ್ನು ಹಿಡಿದುಕೊಂಡೇ ನಿಂತಿದ್ದರು. ಅವರ ಕಣ್ಣಲ್ಲಿ ನೀರಿತ್ತು. ಅದನ್ನು ನಾನು ನೋಡಿದೆ, ಅದಕ್ಕೇ ಹೇಳುತ್ತಿದ್ದೇನೆ. ಅವರು ಪುಸ್ತಕಗಳನ್ನು ಪ್ರೀತಿಸುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

"ಬೆನ್ನುಗಳು ಎಲ್ಲ ಇವೆ ತಾನೆ?" ತಪಾಸಣೆಯವರು ಕೊನೆಗೆ ಕೇಳಿದರು.

"ಇವೆ ಸಾರ್. ಈಗ ಮುನ್ನೂರ ಹನ್ನೆರಡು."

"ನಿಯಮದ ಪ್ರಕಾರ ಬೆನ್ನು ಇದ್ದರೆ ಪುಸ್ತಕ ಇದೆ. ಅದನ್ನ ಇದ್ದ ಹಾಗೇ ನಿಲ್ಲಿಸಿ, ಇದನ್ನ ಪಕ್ಕದಲ್ಲಿಡಿ, ಬೀಗ ಹಾಕಿ." ಅವರು ಕೈಚೀಲದಿಂದ ಒಂದು ನಮೂನೆ ತೆಗೆದರು. "ಸಂರಕ್ಷಣೆಯಲ್ಲಿ ತರಬೇತಿ ಪಡೆದವರ ಸಹಿಯೂ ಈ ವರ್ಷದಿಂದ ಬೇಕು. ಯಾರಿದ್ದಾರೆ?"

ಎಲ್ಲರೂ ನನ್ನನ್ನು ನೋಡಿದರು. ನಮೂನೆಯಲ್ಲಿ ಒಂದೇ ಖಾಲಿ ಜಾಗ, 'ಸಂಗ್ರಹದ ಸ್ಥಿತಿ'. ಸಾಹೇಬರು ಕಣ್ಣೊರೆಸಿಕೊಂಡು, ನನ್ನ ಕಾಗದವನ್ನು ತರಿಸಿ ನಮೂನೆಯ ಪಕ್ಕದಲ್ಲೇ ಇಟ್ಟು, ಪೆನ್ನಿನ ಮುಚ್ಚಳ ತೆಗೆದರು.

"'ಉತ್ತಮ' ಅಂತ ಬರೆದ್ರೆ ಸಾಕಮ್ಮ," ಎಂದರು. ಧ್ವನಿಯಲ್ಲಿ ಗದರಿಕೆ ಇರಲಿಲ್ಲ, ಯಾಚನೆ ಇತ್ತು. "ನೀನೂ ಬರಿ, ನಾನೂ ಹಾಕ್ತೀನಿ."

ಎರಡನೆಯ ಸಂಪುಟ ಇನ್ನೂ ನನ್ನ ಎಡಗೈಯಲ್ಲಿತ್ತು. ಹುಳ ತುಂಬಿದ ಬೀರುವಿನೊಳಗೆ ಅದನ್ನಿಟ್ಟು ಬಾಗಿಲು ಮುಚ್ಚಿದರೆ ಒಂದು ವರ್ಷ ಸಾಕು. ಅಮ್ಮನ ಕ್ಯಾಲೆಂಡರು ಕಣ್ಣ ಮುಂದೆ ಬಂತು, ಬಕೆಟ್ಟುಗಳೂ ಬಂದವು, ಎತ್ತರಕ್ಕೆ ಒಂದರೊಳಗೊಂದು. ಮೂರು ತಿಂಗಳು ಮನಸ್ಸಿನಲ್ಲೇ ತಿದ್ದಿದ ವಾಕ್ಯಗಳಲ್ಲಿ ಒಂದೂ ನೆನಪಾಗಲಿಲ್ಲ. ಖಾಲಿ ಜಾಗದಲ್ಲಿ 'ಹುಳ ಬಿದ್ದಿದೆ' ಎಂದು ಬರೆದು ಸಹಿ ಹಾಕಿದೆ. ಅಕ್ಷರ ಸೊಟ್ಟಗಿದ್ದವು.

ಆಮೇಲೆ, ಧೈರ್ಯ ಆರುವ ಮೊದಲೇ ಮುಗಿಸಿಬಿಡಬೇಕೆಂದು, ಕೆಳಗೆ ಹೋಗಿ ಎರಡನೆಯ ಸಂಪುಟದ ಹಿಂಬದಿಗೆ ಅಂಟಿಸಿದ್ದ ಎರವಲು ಚೀಟಿಯ ಮೇಲೆ ಹದಿನಾಲ್ಕು ದಿನ ಮುಂದಿನ ತಾರೀಖು ಒತ್ತಿ, ಹಿಂಬಾಲಿಸಿ ಬಂದಿದ್ದ ಟೈಲರಮ್ಮನ ಕೈಗೆ ಕೊಟ್ಟೆ.

"ಮತ್ತೆ ನಂಗೇನಾ?" ಎಂದರು ಅವರು.

"ಹದಿನಾಲ್ಕು ದಿನಕ್ಕೆ. ತಡ ಮಾಡಬೇಡಿ ಅಮ್ಮ."

ಸಾಹೇಬರು ಹೇಳಿದ್ದು ಅಕ್ಷರಶಃ ನಿಜವಾಯಿತು. ಕಡತ ಆಯಿತು, ಮೇಲಿಂದ ಪ್ರಶ್ನೆ ಬಂತು. ಪ್ರಶಸ್ತಿ ಬೇರೆ ಗ್ರಂಥಾಲಯಕ್ಕೆ ಹೋಯಿತು. ಅಲ್ಲಿನ ಬೀರುವಿಗೆ ಗಾಜೂ ಇಲ್ಲವಂತೆ, ಪೂರಾ ಕಬ್ಬಿಣದ ಬಾಗಿಲಂತೆ. ನನ್ನನ್ನು ಖಾಯಂ ಮಾಡಲೂ ಇಲ್ಲ, ತೆಗೆಯಲೂ ಇಲ್ಲ. ತೆಗೆದರೆ ಕಡತದ ಪ್ರಶ್ನೆಗಳಿಗೆ ಉತ್ತರ ಬರೆಯುವವರು ಯಾರು? ವಿಚಾರಣೆ ಮುಗಿಯುವವರೆಗೆ ಪ್ರೊಬೇಷನ್ ಮುಂದುವರಿದಿದೆ ಎಂದು ಆದೇಶ ಬಂತು. ಅಮ್ಮ ಎರಡು ದಿನ ಮಾತು ಬಿಟ್ಟಳು, ಮೂರನೆಯ ದಿನ ಹೊಸದಾಗಿ ಗೀಟೆಳೆಯಲು ಶುರು ಮಾಡಿದಳು. ಅತ್ತಿಗೆ ಮಾತ್ರ, "ಬಿಡಿ ಅತ್ತೆ, ಖಾಯಂ ಆಗದೇ ಇರೋರೇ ಮನೇಲಿ ಮಾತಾಡೋದು," ಎಂದರು.

ಬೀರು ಈಗ ತೆರೆದಿರುತ್ತದೆ. ವಿಚಾರಣೆಗೆ ಸಾಕ್ಷ್ಯ ಬೇಕೆಂದು ಪ್ರತಿ ಪುಸ್ತಕವನ್ನೂ ಬಿಚ್ಚಿ ನೋಡಲು ನನಗೆ ಲಿಖಿತ ಅಪ್ಪಣೆ ಸಿಕ್ಕಿದೆ. ಇಲ್ಲಿಯವರೆಗೆ ನಲವತ್ತಾರು ಪುಸ್ತಕ ಉಳಿಯುವಂತಿವೆ. ಅಟೆಂಡರ್ ಅಕ್ಕ ಬ್ರಷ್ಷು ಹಿಡಿಯಲು ಕಲಿತಿದ್ದಾಳೆ. ಟೈಲರಮ್ಮ ಹದಿನಾಲ್ಕು ದಿನಕ್ಕೊಮ್ಮೆ ತಪ್ಪದೆ ಬಂದು ತಾರೀಖು ಒತ್ತಿಸಿಕೊಂಡು, ಒಂದು ಗಂಟೆ ಕೂತು ಹೊಲಿದುಕೊಟ್ಟು ಹೋಗುತ್ತಾರೆ. ಫಲಕದ ಮೇಲೆ ಅವರ ಹೆಸರು ಹಾಗೇ ಇದೆ, ಅಳಿಸಲು ಯಾರ ಅಪ್ಪಣೆ ಬೇಕೆಂದು ಇನ್ನೂ ತೀರ್ಮಾನವಾಗಿಲ್ಲ.

ಮೊದಲ ಸಂಪುಟದ ಪುಡಿಯನ್ನು ಜರಡಿ ಹಿಡಿದಾಗ ಹನ್ನೊಂದು ಹಾಳೆ ಸಿಕ್ಕವು. ಒಂಬತ್ತನೆಯ ಕೋಷ್ಟಕ ಅದರಲ್ಲಿತ್ತು, ಜಾಲರಿಯಂತೆ ತೂತಾಗಿ. ನಾನು ಅದನ್ನು ಕಪ್ಪು ಕಾಗದದ ಮೇಲೆ ಹಾಸಿದೆ, ಟೈಲರಮ್ಮ ಉಸಿರು ಬಿಗಿಹಿಡಿದು ತೂತುಗಳ ನಡುವೆ ಓದಿದರು. "ಒಂದೂಕಾಲು ಇಂಚು," ಎಂದರು. "ಹತ್ತೊಂಬತ್ತು ವರ್ಷ, ಒಂದೂಕಾಲು ಇಂಚು. ಎಷ್ಟು ಬಟ್ಟೆ ಹಾಳು ಮಾಡಿದೆ ನೋಡಮ್ಮ," ಎಂದು ಟೇಪು ತೆಗೆದುಕೊಂಡು ನೇರ ಸಾಹೇಬರ ಕೋಣೆಗೆ ಹೋದರು.

ಸಾಹೇಬರ ಅಂಗಿಯ ತೋಳು ಈಗ ಮಣಿಕಟ್ಟಿಗೆ ನಿಂತಿದೆ. ಮಾತಾಡುವ ಮೊದಲು ಅವರ ಕೈ ಅಭ್ಯಾಸಬಲದಿಂದ ತೋಳಿಗೆ ಹೋಗುತ್ತದೆ, ಅಲ್ಲಿ ತಳ್ಳಲು ಏನೂ ಸಿಗದೆ ಏನು ಹೇಳಲು ಹೊರಟಿದ್ದೆ ಎಂಬುದೇ ಮರೆತುಹೋಗುತ್ತದೆ. ಹಾಗಾಗಿ ಆಫೀಸಿನಲ್ಲಿ ಈಗ ಆದೇಶಗಳು ಕಡಿಮೆ.

ಸಹಿಯಾಗದ ನನ್ನ ಕಾಗದವನ್ನು ಅವರು ಎಸೆಯಲಿಲ್ಲ. ವಿಚಾರಣೆ ಮುಗಿಯುವವರೆಗೆ ಭದ್ರವಾಗಿರಲಿ ಎಂದು ಲಕೋಟೆಗೆ ಹಾಕಿ, ಅರಗಿನ ಮೊಹರು ಒತ್ತಿ, ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಪ್ರತಿ ಸೋಮವಾರ ಬೆಳಿಗ್ಗೆ ನಾನು ಪೆಟ್ಟಿಗೆಯ ಕೆಳಗೆ ಹಾಸಿದ ಬಿಳಿ ಕಾಗದವನ್ನು ತೆಗೆದು, ಬೆಳಕಿಗೆ ಹಿಡಿದು ನೋಡುತ್ತೇನೆ. ಇಲ್ಲಿಯವರೆಗೆ ಪುಡಿ ಬಿದ್ದಿಲ್ಲ.